ಎಲ್ಲ ಪೋರ್ಟಿಗೂ 7 ಕೊಟ್ಟರೆ ಯಾರಿಗೂ ಕೊಟ್ಟ ಹಾಗಾಗಲಿಲ್ಲ

ಪ್ರಶ್ನೆ: ನಮ್ಮ ಸಹಕಾರ ಸಂಘದ ಕಚೇರಿಯಲ್ಲಿ 24 ಪೋರ್ಟಿನ ಮ್ಯಾನೇಜ್ಡ್ ಸ್ವಿಚ್ ಇದೆ. ಹತ್ತು ಐಪಿ ಫೋನ್, ಒಂದು ಪಿಬಿಎಕ್ಸ್ (ಕಚೇರಿಯ ಕಾಲ್ ಜೋಡಿಸುವ ಎಕ್ಸ್‌ಚೇಂಜ್), ಆರು ಕ್ಯಾಮೆರಾ, ಉಳಿದದ್ದು ಕಂಪ್ಯೂಟರ್. ಇಂಟರ್ನೆಟ್ 50 ಎಂಬಿಪಿಎಸ್. ಮಧ್ಯಾಹ್ನ ಕ್ಲೌಡ್ ಬ್ಯಾಕಪ್ ಶುರುವಾದರೆ ಹೊರಗಿನವರಿಗೆ ನಮ್ಮ ಮಾತು ತುಂಡು ತುಂಡಾಗಿ ಕೇಳುತ್ತದೆ. ಅವರ ಮಾತು ನಮಗೆ ಸರಿಯಾಗೇ ಕೇಳುತ್ತದೆ, ಕಚೇರಿ ಒಳಗಿನ ಕಾಲ್‌ಗಳಿಗೂ ತೊಂದರೆಯಿಲ್ಲ. ಕ್ಯೂಓಎಸ್ (ಯಾವ ಡೇಟಾ ಮೊದಲು ಹೋಗಬೇಕು ಅನ್ನೋ ಸೆಟ್ಟಿಂಗ್) ಆನ್ ಮಾಡಿ ಎಲ್ಲ ಪೋರ್ಟಿಗೂ ಅತಿ ಹೆಚ್ಚಿನ ಪ್ರಯಾರಿಟಿ 7 ಕೊಟ್ಟೆ, ಏನೂ ಬದಲಾಗಲಿಲ್ಲ. ಹೊಸ ಸ್ವಿಚ್ ಬೇಕಾ?
– ಓದುಗರು, ಶಿರಸಿ

ಉತ್ತರ: ಬೇಡ, ದುಡ್ಡು ಉಳಿಸಿ. ಜಾತ್ರೆಯಲ್ಲಿ ಎಲ್ಲರ ಕೈಗೂ ವಿಐಪಿ ಪಾಸ್ ಕೊಟ್ಟರೆ ಮತ್ತೆ ಅದೇ ಸಾಲು ತಾನೆ? ಪ್ರಯಾರಿಟಿ ಅಂದರೆ ಯಾರೋ ಒಬ್ಬರು ಕಾಯಲೇಬೇಕು. ನಿಮ್ಮಲ್ಲಿ ಕಾಯಬೇಕಾದ್ದು ಬ್ಯಾಕಪ್.

ಮೊದಲು ಆ 7 ತೆಗೆಯಿರಿ. 6 ಮತ್ತು 7 ನೆಟ್‌ವರ್ಕ್‌ನ ಸ್ವಂತ ಕೆಲಸಕ್ಕೆ ಮೀಸಲು, ಮಾತಿಗೆ ರೂಢಿಯಲ್ಲಿರೋದು 5. ಸಾಮಾನ್ಯವಾಗಿ ಫೋನು, ಪಿಬಿಎಕ್ಸ್‌ಗಳೇ ಮಾತಿನ ಪ್ಯಾಕೆಟ್ ಮೇಲೆ ಡಿಎಸ್‌ಸಿಪಿ 46 (ಪ್ಯಾಕೆಟ್ಟಿನ ಆದ್ಯತೆ ಹೇಳೋ ಅಂಕಿ) ಅಂತ ಗುರುತು ಹಾಕಿ ಕಳಿಸುತ್ತವೆ, ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಆದರೆ ಸ್ವಿಚ್ ಆ ಗುರುತನ್ನು ನಂಬಬೇಕಲ್ಲ! ಹಳೆಯ ಸಿಸ್ಕೋ 2960ಯಂಥ ಸ್ವಿಚ್‌ಗಳಲ್ಲಿ ಕ್ಯೂಓಎಸ್ ಆನ್ ಮಾಡಿ ‘ಟ್ರಸ್ಟ್’ ಕೊಡದೆ ಬಿಟ್ಟರೆ ಬಂದ ಗುರುತನ್ನೆಲ್ಲ ಅಳಿಸಿ 0 ಮಾಡಿಬಿಡುತ್ತದೆ. ಫೋನ್ ಮತ್ತು ಪಿಬಿಎಕ್ಸ್ ಪೋರ್ಟುಗಳಿಗೆ ಮಾತ್ರ ಟ್ರಸ್ಟ್ ಡಿಎಸ್‌ಸಿಪಿ ಕೊಡಿ. ಕಂಪ್ಯೂಟರ್ ಪೋರ್ಟಿಗೆ ಬೇಡ, ಯಾವ ಸಾಫ್ಟ್‌ವೇರ್ ಬೇಕಾದರೂ ತನಗೆ ತಾನೇ 46 ಬರೆದುಕೊಳ್ಳಬಹುದು.

ಮಾತನ್ನು ಯಾವಾಗಲೂ ಮೊದಲು ಹೋಗೋ ಸ್ಟ್ರಿಕ್ಟ್ ಪ್ರಯಾರಿಟಿ ಕ್ಯೂಗೆ ಹಾಕಿ, ಉಳಿದದ್ದನ್ನು ಪಾಲಿನ ಪ್ರಕಾರ ಸರದಿ ಕೊಡೋ ವೆಯ್ಟೆಡ್ ರೌಂಡ್ ರಾಬಿನ್‌ಗೆ. ಜಿ.711 ಅನ್ನೋ ಸಾಮಾನ್ಯ ಧ್ವನಿ ವಿಧಾನದ ಒಂದು ಕಾಲ್‌ಗೆ ಹೆಡರ್ ಎಲ್ಲ ಸೇರಿ ಒಂದು ದಿಕ್ಕಿಗೆ ಸುಮಾರು 87 ಕೆಬಿಪಿಎಸ್ ಸಾಕು, ಹತ್ತೂ ಫೋನಲ್ಲಿ ಒಟ್ಟಿಗೆ ಮಾತಾಡಿದರೂ 1 ಎಂಬಿಪಿಎಸ್ ದಾಟುವುದಿಲ್ಲ, ಅಂದರೆ ಮಾತಿಗೆ ಬೇಕಿರೋದು ಜಾಸ್ತಿ ಜಾಗ ಅಲ್ಲ, ತಡವಾಗದ ಸರದಿ. ಕ್ಯಾಮೆರಾ ಮಾತ್ರ ಆ ಕ್ಯೂಗೆ ಹಾಕಬೇಡಿ. ಸ್ಟ್ರಿಕ್ಟ್ ಕ್ಯೂ ಖಾಲಿಯಾಗೋವರೆಗೆ ಉಳಿದವಕ್ಕೆ ಸರದಿಯೇ ಬರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಇಷ್ಟಕ್ಕೇ ಸರಿಹೋಗುವುದಿಲ್ಲ. ಒಳಗಿನ ಕಾಲ್ ಚೆನ್ನಾಗಿದೆ, ಹೊರಗೆ ಹೋಗೋ ಮಾತು ಮಾತ್ರ ಕೆಡುತ್ತದೆ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಸ್ವಿಚ್‌ನಿಂದ ರೌಟರ್‌ಗೆ 1 ಜಿಬಿಪಿಎಸ್, ರೌಟರ್‌ನಿಂದ ಆಚೆಗೆ 50 ಎಂಬಿಪಿಎಸ್. ಜಾಮ್ ಆಗುತ್ತಿರೋದು ರೌಟರ್ ಇಲ್ಲವೇ ಮೋಡೆಮ್‌ನಲ್ಲಿ. ಸ್ವಿಚ್ಚಿನ ಕ್ಯೂಗಳು ಖಾಲಿ ಬಿದ್ದಿರುವಾಗ ಅಲ್ಲಿ ಎಷ್ಟು ಪ್ರಯಾರಿಟಿ ಕೊಟ್ಟರೂ ಸುಮ್ನೆ ಅಲ್ವಾ? ರೌಟರ್‌ನಲ್ಲಿ ಅಪ್‌ಲೋಡ್ ಶೇಪಿಂಗ್ (ವೇಗಕ್ಕೆ ಮಿತಿ ಹಾಕೋ ಸೌಲಭ್ಯ) ಇದ್ದರೆ 45 ಎಂಬಿಪಿಎಸ್‌ಗೆ ಕಟ್ಟಿ, 46 ಗುರುತಿನ ಪ್ಯಾಕೆಟ್ ಮೊದಲು ಹೋಗೋ ಹಾಗೆ ಮಾಡಿ. ರೌಟರ್‌ನಲ್ಲಿ ಅದಿಲ್ಲ ಅಂದರೆ ಸ್ವಿಚ್‌ನಲ್ಲಿ ರೌಟರ್ ಕಡೆಗಿನ ಪೋರ್ಟಿಗೆ ಎಗ್ರೆಸ್ (ಹೊರಹೋಗೋ ಕಡೆಯ) ಶೇಪಿಂಗ್ ಅದೇ 45ಕ್ಕೆ ಇಡಿ. ಆಗ ಸಾಲು ನಿಮ್ಮ ಸ್ವಿಚ್‌ನಲ್ಲೇ ನಿಲ್ಲುತ್ತದೆ, ನೀವು ಮಾಡಿದ ಕ್ಯೂಗಳಿಗೂ ಕೆಲಸ ಸಿಗುತ್ತದೆ. ಡೌನ್‌ಲೋಡ್ ಕಡೆ ಇಷ್ಟು ಹಿಡಿತ ಸಿಗಲ್ಲ, ಆದರೆ ನಿಮ್ಮ ತೊಂದರೆ ಅಲ್ಲಿಲ್ಲ.

ಆಮೇಲೆ ಬ್ಯಾಕಪ್ ನಡೆಯುತ್ತಿರುವಾಗಲೇ ಹೊರಗೊಂದು ಕಾಲ್ ಮಾಡಿ, ರೌಟರ್ ಪೋರ್ಟಿನ ಕ್ಯೂ ಕೌಂಟರ್ ನೋಡಿ (ಶೇಪಿಂಗ್ ರೌಟರ್‌ನಲ್ಲಿದ್ದರೆ ಅಲ್ಲಿನದ್ದು). ಬ್ಯಾಕಪ್ ಕ್ಯೂನಲ್ಲಿ ಡ್ರಾಪ್ (ಬಿಟ್ಟುಹೋದ ಪ್ಯಾಕೆಟ್) ಏರುತ್ತಾ ಇದ್ದು ಮಾತಿನದರಲ್ಲಿ 0 ಇದ್ದರೆ ಸರಿಯಾಗಿದೆ ಅಂತ ಅರ್ಥ. ಅಲ್ಲಿಯವರೆಗೆ ಬ್ಯಾಕಪ್ಪನ್ನು ರಾತ್ರಿ ಹತ್ತಕ್ಕೆ ಹಾಕಿಡಿ.