ಹೆಲ್‌ಬ್ಲೇಡ್ 2ರ ಶಬ್ದ ಕೇಳಲು ಯಾವ ಹೆಡ್‌ಫೋನ್ ಬೇಕು?

ನಮಸ್ಕಾರ. ‘ಸೆನುವಾಸ್ ಸಾಗಾ: ಹೆಲ್‌ಬ್ಲೇಡ್ 2’ ಎಂಬ ವಿಡಿಯೋ ಗೇಮಿನ ಶಬ್ದವನ್ನು ಎಲ್ಲರೂ ಹೊಗಳುತ್ತಿದ್ದರೂ ನಿಮ್ಮ ಲ್ಯಾಪ್‌ಟಾಪಿನಲ್ಲಿ ವಿಶೇಷವೇನೂ ಕೇಳಿಸುತ್ತಿಲ್ಲ, ಅದಕ್ಕಾಗಿ ಸುತ್ತಲಿಂದಲೂ ಸದ್ದು ಬಂದಂತೆ ಕೇಳಿಸುವ ದುಬಾರಿ 7.1 ಗೇಮಿಂಗ್ ಹೆಡ್‌ಸೆಟ್ ಕೊಳ್ಳಲೇಬೇಕೇ ಎಂದು ಕೇಳಿದ್ದೀರಿ. ಕೊಳ್ಳಬೇಕಾಗಿಲ್ಲ. ಆದರೆ ಸ್ಪೀಕರಿನಲ್ಲಿ ಆಟವನ್ನು ಮುಂದುವರಿಸುವುದು ಮಾತ್ರ ಬೇಡವೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಕೇಂಬ್ರಿಜ್‌ನ ನಿಂಜಾ ಥಿಯರಿ ಎಂಬ ಆಟ ತಯಾರಕ ತಂಡದವರು ಕಥಾನಾಯಕಿ ಸೆನುವಾಳ ತಲೆಯೊಳಗೆ ಸದಾ ಮಾತನಾಡುವ ದನಿಗಳನ್ನು ಬೈನಾರಲ್ ವಿಧಾನದಲ್ಲಿ, ಎಂದರೆ ಎರಡು ಕಿವಿಗಳ ಜಾಗದಲ್ಲಿ ಎರಡು ಮೈಕ್ ಇಟ್ಟು ಧ್ವನಿಮುದ್ರಿಸಿದ್ದಾರೆ. ಎಡಗಡೆಯಿಂದ ಬರುವ ಸದ್ದು ಬಲಗಿವಿಯನ್ನು ಹೆಚ್ಚೆಂದರೆ ಸುಮಾರು 0.7 ಮಿಲಿಸೆಕೆಂಡು ತಡವಾಗಿ, ನಡುವೆ ತಲೆ ಅಡ್ಡವಿರುವುದರಿಂದ ತುಸು ಮಂಕಾಗಿ ತಲುಪುತ್ತದೆ. ಇಷ್ಟು ಸಣ್ಣ ವ್ಯತ್ಯಾಸದಿಂದಲೇ ಮಿದುಳು ಸದ್ದಿನ ದಿಕ್ಕನ್ನು ಗುರುತಿಸುತ್ತದೆ. ಸ್ಪೀಕರಿನಲ್ಲಿ ಎಡಗಡೆಯ ಸದ್ದು ಬಲಗಿವಿಗೂ ಬೀಳುವುದರಿಂದ ಆ ವ್ಯತ್ಯಾಸ ಕಲಸಿಹೋಗುತ್ತದೆ. ಹೆಡ್‌ಫೋನ್ ಹಾಕಿಕೊಂಡಾಗಲಾದರೋ ಒಂದು ದನಿ ಎಡಗಿವಿಯ ಬಳಿ ಪಿಸುಗುಟ್ಟುತ್ತಾ ಹಿಂಗತ್ತಿನ ಸುತ್ತ ಬಲಕ್ಕೆ ಸರಿಯುತ್ತದೆ, ಅಷ್ಟರಲ್ಲಿ ಇನ್ನೊಂದು ಅದನ್ನು ತಡೆದು ಗದರುತ್ತದೆ. ಐಸ್‌ಲ್ಯಾಂಡಿನ ಕತ್ತಲೆಯ ಗುಹೆಯಲ್ಲಿ ಪಂಜು ಹಿಡಿದು ನಡೆಯುವಾಗ ಇದು ಕೇಳಿಸಿದರೆ ಯಾರಾದರೂ ಹಿಂದಿರುಗಿ ನೋಡಿಯೇ ನೋಡುತ್ತಾರೆ. 2024ರ ಗೇಮ್ ಅವಾರ್ಡ್ಸ್‌ನಲ್ಲಿ ಧ್ವನಿ ವಿನ್ಯಾಸದ ಪ್ರಶಸ್ತಿ ಈ ಆಟಕ್ಕೆ ದೊರೆತದ್ದು ನನಗಂತೂ ಸಂಪೂರ್ಣ ನ್ಯಾಯವೆನಿಸಿತು.

ಆದ್ದರಿಂದ ನಿಮಗೆ ಬೇಕಾಗಿರುವುದು ಕಿವಿಯನ್ನು ಪೂರ್ತಿ ಮುಚ್ಚುವ, ತಂತಿಯಿರುವ, ಸಾಮಾನ್ಯ ಸ್ಟೀರಿಯೋ ಹೆಡ್‌ಫೋನ್ ಅಷ್ಟೇ. ಮನೆಯಲ್ಲಿ ಒಳ್ಳೆಯ ಇಯರ್‌ಫೋನ್ ಇದ್ದರೆ ಮೊದಲು ಅದರಲ್ಲೇ ಕೇಳಿ ನೋಡಿ. ಬ್ಲೂಟೂತ್ ಆದರೆ ಸದ್ದು ದೃಶ್ಯಕ್ಕಿಂತ ಹಿಂದೆ ಬೀಳುವ ಸಾಧ್ಯತೆಯಿದೆ; ಅದರ ಮೈಕ್ ಚಾಲೂ ಆದರೆ ಎಷ್ಟೋ ಹೆಡ್‌ಸೆಟ್‌ಗಳಲ್ಲಿ ಶಬ್ದದ ಗುಣಮಟ್ಟವೇ ಕುಸಿಯುತ್ತದೆ. ಎಲ್ ಮತ್ತು ಆರ್ ಗುರುತು ನೋಡಿಯೇ ಹಾಕಿಕೊಳ್ಳಿ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಎಂಬಲ್ಲಿಗೆ ಹೋಗಿ ‘ಮೋನೋ ಆಡಿಯೋ’ ಆಫ್ ಇದೆಯೇ ನೋಡಿ. ಅದು ಆನ್ ಆಗಿದ್ದರೆ ಎರಡೂ ಕಿವಿಗೆ ಒಂದೇ ಸದ್ದು ಬರುತ್ತದೆ, ಆಗ ಎಂಥ ಹೆಡ್‌ಫೋನ್ ತಂದರೂ ಪ್ರಯೋಜನವಿಲ್ಲ. ಅಲ್ಲೇ ನಿಮ್ಮ ಹೆಡ್‌ಫೋನ್ ಆಯ್ದು ‘ಸ್ಪೇಶಿಯಲ್ ಸೌಂಡ್’ ಮತ್ತು ‘ಆಡಿಯೋ ಎನ್‌ಹಾನ್ಸ್‌ಮೆಂಟ್ಸ್’ ಎರಡನ್ನೂ ಆಫ್ ಮಾಡಿ ಕೇಳಿ. ದಿಕ್ಕಿನ ಕುರುಹು ಮುದ್ರಣದಲ್ಲೇ ಇರುವಾಗ ಅದರ ಮೇಲೆ ಮತ್ತೊಮ್ಮೆ ಸಂಸ್ಕರಣೆ ನಡೆದರೆ ಪಿಸುಮಾತುಗಳು ದೂರದಿಂದ ಬಂದಂತೆ ಪೊಳ್ಳಾಗುತ್ತವೆ. ದನಿಗಳು ಒಂದರ ಮೇಲೊಂದು ಬೀಳುವುದರಿಂದ ಮೊದಲ ಸಲ ಸಬ್‌ಟೈಟಲ್ ಇಟ್ಟುಕೊಳ್ಳುವುದು ಒಳ್ಳೆಯದು.

ಇದೇ ಪ್ರಶ್ನೆಯ ಕೆಳಗೆ ತಮ್ಮ ಹಳೆಯ ಕಂಪ್ಯೂಟರಿನಲ್ಲಿ ಆಟ ಓಡೀತೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಇದಕ್ಕೆ ಎಸ್‌ಎಸ್‌ಡಿಯಲ್ಲಿ 70 ಜಿಬಿ ಜಾಗ ಮತ್ತು 16 ಜಿಬಿ ರ್‍ಯಾಮ್ ಬೇಕು. ಅಷ್ಟಿಲ್ಲದವರು 2017ರ ಮೊದಲ ಭಾಗ ‘ಸೆನುವಾಸ್ ಸ್ಯಾಕ್ರಿಫೈಸ್’ ಆಡಬಹುದು. ಅದರಲ್ಲಿ ಪರದೆ ಬಹುತೇಕ ಕತ್ತಲಾಗಿ, ಸದ್ದನ್ನೇ ನಂಬಿ ಹೆಜ್ಜೆಯಿಡಬೇಕಾದ ಒಂದು ಘಟ್ಟ ಬರುತ್ತದೆ. ಅಂಥ ಧೈರ್ಯದ ಕಲ್ಪನೆಯನ್ನು ನಾನು ಬೇರೆ ಸಾಹಸದ ಆಟಗಳಲ್ಲಿ ಕಂಡಿಲ್ಲ. 2018ರಲ್ಲಿ ಅದಕ್ಕೆ ಸಂದ ಬ್ರಿಟನ್ನಿನ ಐದು ಬಾಫ್ಟಾ ಪ್ರಶಸ್ತಿಗಳಲ್ಲಿ ಧ್ವನಿಗೆ ಕೊಟ್ಟದ್ದೂ ಒಂದು.

ಇನ್ನೊಂದು ಮಾತನ್ನು ಹೇಳಲೇಬೇಕು. ಸೆನುವಾ ಸೈಕೋಸಿಸ್, ಎಂದರೆ ಇಲ್ಲದ ದನಿಗಳು ಕೇಳಿಸಿ ವಾಸ್ತವದ ಅರಿವು ತಪ್ಪುವ ಮನಸ್ಸಿನ ಸ್ಥಿತಿಯನ್ನು ಅನುಭವಿಸುತ್ತಿರುವವಳು. ಆ ದನಿಗಳನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಮನೋವೈದ್ಯ ಪ್ರೊಫೆಸರ್ ಪಾಲ್ ಫ್ಲೆಚರ್ ಅವರ ಸಲಹೆ ಪಡೆದು, ಸ್ವತಃ ಅಂಥ ಅನುಭವವಿದ್ದವರೊಂದಿಗೆ ಮಾತನಾಡಿ ರೂಪಿಸಲಾಗಿದೆ. ಹಾಗಾಗಿ ಅವು ಬಹಳ ನಿಜವೆನಿಸುತ್ತವೆ. ಮನಸ್ಸು ದಣಿದಿರುವಾಗ, ಅಥವಾ ಮನೆಯವರಲ್ಲಿ ಯಾರಾದರೂ ಇಂಥ ಕಾಯಿಲೆಯಿಂದ ಈಗ ಬಳಲುತ್ತಿದ್ದರೆ, ವಾಲ್ಯೂಮ್ ತಗ್ಗಿಸಿ ಸ್ವಲ್ಪ ಸ್ವಲ್ಪವೇ ಆಡಿ. ಮಕ್ಕಳಿಗೆ ಈ ಆಟ ಖಂಡಿತ ಬೇಡ.

ಮೋನೋ ಆಡಿಯೋ ಆಫ್ ಮಾಡಿದ ಮೇಲೂ ದನಿಗಳು ಒಂದೇ ಕಡೆಯಿಂದ ಬರುತ್ತಿದ್ದರೆ ಹೆಡ್‌ಫೋನಿನ ಪಿನ್ ಪೂರ್ತಿ ಒಳಹೋಗಿದೆಯೇ ನೋಡಿ, ಲ್ಯಾಪ್‌ಟಾಪಿನ ಮಾಡೆಲ್ ಇಲ್ಲಿ ತಿಳಿಸಿ.