ದೇವರ ಮೆಚ್ಚುಗೆಗೆ ನಂಬಿಕೆ ಸಾಕಾ, ಉಪವಾಸ-ಹರಕೆಯೂ ಬೇಕಾ?

ಕ್ರೈಸ್ತರಲ್ಲಿ ದೇವರನ್ನು ಮೆಚ್ಚಿಸಲು ನಂಬಿಕೆ ಒಂದೇ ಸಾಕಾ, ಇಲ್ಲಾ ಉಪವಾಸ, ನೊವೇನಾ (ಒಂಬತ್ತು ದಿನ ಅಥವಾ ಒಂಬತ್ತು ವಾರ ಮಾಡುವ ಪ್ರಾರ್ಥನೆ), ದಾನ ಎಲ್ಲ ಮಾಡಲೇಬೇಕಾ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲಿ ಎರಡೂ ಕಡೆಯವರು ಇದ್ದೇವೆ. ನನ್ನ ತವರು ಉಡುಪಿ ಕಡೆಯ ಬಾಸೆಲ್ ಮಿಷನ್ ಸಭೆ. 1834ರಲ್ಲಿ ಮಂಗಳೂರಿಗೆ ಬಂದ ಪ್ರಾಟೆಸ್ಟೆಂಟ್ ಮಿಷನ್ ಅದು. ಗಂಡನ ಮನೆಯವರು ಮಂಗಳೂರು ಕ್ಯಾಥೊಲಿಕರು, ಮುಂಬೈಗೆ ಬಂದು ಮೂರು ತಲೆಮಾರು ಆಯಿತು. ಅತ್ತೆ ಮಾಹಿಮ್ ಚರ್ಚಿನ ಬುಧವಾರದ ನೊವೇನಾ ತಪ್ಪಿಸಿದ್ದು ನಾನು ನೋಡಿಲ್ಲ.

ನನ್ನ ಉತ್ತರ ಇಷ್ಟು. ಏನು ಮಾಡಿಯೂ ದೇವರ ಮೆಚ್ಚುಗೆಯನ್ನು ಕೊಂಡುಕೊಳ್ಳಲು ಆಗುವುದಿಲ್ಲ. ಆದರೆ ನಂಬಿಕೆ ಜೀವಂತವಾಗಿದ್ದರೆ ಕೈಕಾಲು ಸುಮ್ನೆ ಕೂರುವುದಿಲ್ಲ.

ಬೈಬಲಿನಲ್ಲೇ ಜಗಳ ಇದ್ದಂತೆ ಕಾಣುತ್ತದೆ, ನಿಜ. ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ, ಯಾರೂ ಹೊಗಳಿಕೊಳ್ಳುವಂತಿಲ್ಲ ಅಂತ ಅಪೊಸ್ತಲ ಪೌಲ ಎಫೆಸ ಊರಿನ ಸಭೆಗೆ ಪತ್ರದಲ್ಲಿ ಬರೆಯುತ್ತಾನೆ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಅನ್ನುತ್ತಾನೆ ಬೈಬಲಿನ ಇನ್ನೊಂದು ಪತ್ರ ಬರೆದ ಯಾಕೋಬ. ಇಬ್ಬರೂ ಒಬ್ಬನನ್ನೇ ಉದಾಹರಣೆ ಕೊಡುತ್ತಾರೆ: ಅಬ್ರಹಾಮ. ಅಲ್ಲೇ ಗಂಟು ಬಿಚ್ಚುತ್ತದೆ. ಪೌಲ ಕಥೆಯ ಮೊದಲ ಭಾಗ ತೋರಿಸುತ್ತಾನೆ, ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 15ನೇ ಅಧ್ಯಾಯ. ಮಕ್ಕಳಿಲ್ಲದ ಮುದುಕ ರಾತ್ರಿ ಹೊರಗೆ ನಿಂತು ನಕ್ಷತ್ರ ನೋಡುತ್ತಾನೆ, ನಿನ್ನ ಸಂತಾನ ಇಷ್ಟಾಗುತ್ತದೆ ಅಂದ ಮಾತನ್ನು ನಂಬುತ್ತಾನೆ. ದೇವರು ಅವನನ್ನು ನೀತಿವಂತ ಅಂತ ಎಣಿಸಿದ್ದು ಆಗಲೇ. ಯಾಕೋಬ ತೋರಿಸುವುದು 22ನೇ ಅಧ್ಯಾಯ, ದೇವರು ಹೇಳಿದನೆಂದು ಅಬ್ರಹಾಮ ಮಗನನ್ನೇ ಬಲಿಕೊಡಲು ಹೊರಟ ಕಥೆ. ಆ ಹೊತ್ತಿಗೆ ಮಗ ಹುಟ್ಟಿ, ಬೆಳೆದು, ಸೌದೆ ಹೊತ್ತು ಅಪ್ಪನ ಜೊತೆ ಬೆಟ್ಟ ಹತ್ತುವಷ್ಟು ದೊಡ್ಡವನಾಗಿದ್ದಾನೆ. ಮೊದಲು ನಂಬಿಕೆ, ಎಷ್ಟೋ ವರ್ಷದ ಮೇಲೆ ಆ ನಂಬಿಕೆ ನಡೆದು ತೋರಿಸಿದ್ದು.

ಇಬ್ಬರ ಎದುರಿಗಿದ್ದ ಜನವೂ ಬೇರೆ. ಸುನ್ನತಿ ಮಾಡಿಸಿಕೊಂಡರೆ ಮಾತ್ರ ದೇವರು ಸೇರಿಸಿಕೊಳ್ಳುತ್ತಾನೆ ಅನ್ನುವವರಿಗೆ ಪೌಲ ಉತ್ತರ ಕೊಡುತ್ತಿದ್ದ. ಬಟ್ಟೆ, ಊಟ ಇಲ್ಲದವರನ್ನು "ಬೆಚ್ಚಗಿರು, ಹೊಟ್ಟೆತುಂಬ ತಿನ್ನು" ಅಂತ ಬಾಯಿಮಾತಲ್ಲೇ ಕಳಿಸುವವರನ್ನು ಯಾಕೋಬ ಗದರಿಸುತ್ತಿದ್ದ.

ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ 1522ರ ಜರ್ಮನ್ ಅನುವಾದದಲ್ಲಿ, ಪೌಲ ರೋಮಾಪುರದವರಿಗೆ ಬರೆದ ಪತ್ರದ 3:28ರಲ್ಲಿ, ಮನುಷ್ಯ ನಂಬಿಕೆಯಿಂದ ನೀತಿವಂತನಾಗುತ್ತಾನೆ ಅನ್ನುವ ಮಾತಿಗೆ "ಮಾತ್ರ" ಅನ್ನುವ ಪದ ಸೇರಿಸಿದರು. ಕ್ಯಾಥೊಲಿಕರು 1547ರಲ್ಲಿ ಟ್ರೆಂಟ್ ಊರಿನಲ್ಲಿ ಸೇರಿದ ಬಿಷಪರ ಸಭೆಯಲ್ಲಿ, ನಂಬಿಕೆ ಒಂದೇ ಸಾಲದು ಅಂತ ಅದಕ್ಕೆ ಉತ್ತರ ಕೊಟ್ಟರು. ಆದರೆ ಮೊದಲ ಕೃಪೆಯನ್ನು ಯಾರೂ ದುಡಿದು ಗಳಿಸಲಾರರು ಅಂತ ಆ ಸಭೆಯೂ ಹೇಳಿದೆ. ನಮ್ಮ ಕಡೆಯವರು ಇದನ್ನು ಮರೆತು ಮಾತಾಡುತ್ತಾರೆ, ನನಗೆ ಬೇಜಾರಾಗುತ್ತದೆ. 1999ರಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಆಗ್ಸ್‌ಬರ್ಗ್‌ನಲ್ಲಿ ಈ ವಿಷಯದ ಮೇಲೆ ಜಂಟಿ ಹೇಳಿಕೆಗೆ ಸಹಿ ಹಾಕಿದರು.

ಇನ್ನು ನನ್ನ ವಿಷಯ. "ನಂಬಿಕೆ ಮಾತ್ರ" ಅಂತ ಕೇಳಿಯೇ ಬೆಳೆದ ನಾನು, ಅಪ್ಪ ಹಾಸಿಗೆ ಹಿಡಿದ ವರ್ಷ ಲೆಕ್ಕ ಇಡಲು ಶುರು ಮಾಡಿದೆ. ಈಸ್ಟರಿಗೆ ಮುಂಚಿನ ಉಪವಾಸಕಾಲ ಲೆಂಟ್, ಅದರ ನಲವತ್ತು ದಿನವೂ ಒಂದೇ ಹೊತ್ತು ಊಟ. ರಾತ್ರಿ ಐದು ಕೀರ್ತನೆ. ಮುಗಿದದ್ದಕ್ಕೆ ಡೈರಿಯಲ್ಲಿ ಕೆಂಪು ಪೆನ್ನಿನ ಗುರುತು. ಈಸ್ಟರ್ ಕಳೆದು ಒಂಬತ್ತನೇ ದಿನ ಅಪ್ಪ ಹೋದರು. ನಾನು ಅಳುವುದಕ್ಕೂ ಮೊದಲು ದೇವರನ್ನು ಕೇಳಿದ್ದು, "ಇಷ್ಟೆಲ್ಲ ಮಾಡಿದ್ದೆನಲ್ಲ?" ಅಂತ. ವಾರಕ್ಕೆರಡು ಉಪವಾಸ, ಹತ್ತರಲ್ಲೊಂದು ಪಾಲು ಅಂತ ದೇವಾಲಯದಲ್ಲಿ ನಿಂತು ಲೆಕ್ಕ ಒಪ್ಪಿಸಿದ ಫರಿಸಾಯನ (ಧರ್ಮನಿಯಮ ಬಿಗಿಯಾಗಿ ಪಾಲಿಸುವ ಯೆಹೂದ್ಯ ಪಂಗಡದವನು) ಕಥೆ ಬೈಬಲಿನ ಲೂಕ 18ರಲ್ಲಿದೆ. ಅವನು ನಾನೇ ಆಗಿದ್ದೆ.

ಆ ಸೆಪ್ಟೆಂಬರಿನಲ್ಲಿ ಅತ್ತೆ ಜೊತೆ ಬಾಂದ್ರಾದ ಮೌಂಟ್ ಮೇರಿ ಚರ್ಚಿಗೆ ಹೋದೆ. ಅಂಗಡಿಗಳಲ್ಲಿ ಮೇಣದ ಕೈ, ಮೇಣದ ಕಾಲು, ಮೇಣದ ಪುಟ್ಟ ಮನೆ ಮಾರುತ್ತಾರೆ. ಏನು ಬೇಕೋ ಅದರ ರೂಪ ಕೊಂಡು ಒಪ್ಪಿಸುವುದು. ಹಿಂದಿನ ವರ್ಷ ಅತ್ತೆ ಮೊಣಕಾಲು ನೋವಿಗೆ ಮೇಣದ ಕಾಲು ಕೊಟ್ಟಿದ್ದರು. ನೋವು ಹಾಗೇ ಇತ್ತು. ಈ ಸಲ ಬರೀ ಒಂದು ಮೇಣದ ಬತ್ತಿ ತಗೊಂಡರು. ಮೆಟ್ಟಿಲಿಗೊಮ್ಮೆ ನಿಂತು, ನನ್ನ ಹೆಗಲು ಹಿಡಿದು ಹತ್ತಿದರು. "ವಾಸಿಯೇ ಆಗಲಿಲ್ಲ, ಆದರೂ ಬಂದಿರಲ್ಲ?" ಅಂದೆ. "ಇವತ್ತು ತಾಯಿಯ ಹುಟ್ಟುಹಬ್ಬ ಅಲ್ವಾ ಬಾಯೇ. ನಿನ್ನಮ್ಮನ ಹುಟ್ಟುಹಬ್ಬಕ್ಕೆ ಏನು ಸಿಗುತ್ತದೆ ಅಂತ ನೋಡಿಕೊಂಡು ಹೋಗುತ್ತೀಯಾ?" ಅಂದರು. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟಿದ ದಿನದ ಹಬ್ಬ. ಅಷ್ಟು ದಿನ ನಾನು ಅತ್ತೆಯದು ಚೌಕಾಸಿ ಅಂದುಕೊಂಡಿದ್ದೆ. ಚೌಕಾಸಿ ಮಾಡಿದ್ದು ನಾನು.

ಹಾಗಾಗಿ ಉಪವಾಸ ಮಾಡಬೇಕು ಅನಿಸಿದರೆ ಮಾಡಿ, ಬಿಡಬೇಡಿ. ಊಟ ಬಿಟ್ಟ ದಿನದ ಅಕ್ಕಿಬೇಳೆ ಹಸಿದವರ ಮನೆಗೆ ಹೋಗಲಿ. ಬೈಬಲಿನ ಯೆಶಾಯ 58ರಲ್ಲಿ ದೇವರು ಕೇಳುವ ಉಪವಾಸ ಅದೇ. ನಾನು ಈಗಲೂ ಲೆಂಟ್ ಶುಕ್ರವಾರಗಳಲ್ಲಿ ಮಾಡುತ್ತೇನೆ, ಡೈರಿ ಇಲ್ಲದೆ.

ಏನೂ ಮಾಡಲಾಗದವರ ಗತಿ ಏನು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಪ್ಪ ಕೊನೆಯ ಎರಡು ತಿಂಗಳು ಚರ್ಚಿಗೆ ಹೋಗಲಿಲ್ಲ, ಒಂದು ವಚನ ಓದಲಿಲ್ಲ, ಕೈ ಜೋಡಿಸಲೂ ಆಗುತ್ತಿರಲಿಲ್ಲ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನೂ ಹಾಗೇ, ಕೈಕಾಲು ಆಡಿಸುವಂತಿರಲಿಲ್ಲ. "ನನ್ನನ್ನು ನೆನಸಿಕೋ" ಅಂದ, ಅಷ್ಟೇ. ನೀನು ನನ್ನ ಜೊತೆ ಸ್ವರ್ಗದಲ್ಲಿರುತ್ತೀ ಅಂತ ಯೇಸು ಅವನಿಗೆ ಕೊಟ್ಟ ಉತ್ತರದಲ್ಲಿ "ಇವತ್ತೇ" ಅನ್ನುವ ಮಾತಿದೆ.