ನೇಪಾಳ ಯಾತ್ರೆ: ಗಲಭೆಗಿಂತ ಆಷಾಢದ ಮಳೆಗೆ ಹೆದರಿ

ಪ್ರಶ್ನೆ: ನಾನು 67 ವರ್ಷದ ನಿವೃತ್ತ ಪ್ರೌಢಶಾಲಾ ಶಿಕ್ಷಕ, ಪತ್ನಿಗೆ 61. ಚಿಕ್ಕಮಗಳೂರಿನ ಹತ್ತಿರ ಮೂರು ಎಕರೆ ಕಾಫಿ ತೋಟವಿದೆ. ಪಶುಪತಿನಾಥ ಮತ್ತು ಮುಕ್ತಿನಾಥನ ದರ್ಶನ ಮಾಡಬೇಕೆಂಬುದು ಇಬ್ಬರ ಬಹುದಿನದ ಆಸೆ. ಬರುವ ಆಷಾಢದಲ್ಲಿ ಹೊರಡುವ ತಂಡವೊಂದರಲ್ಲಿ ಕಡಿಮೆ ದರಕ್ಕೆ ಸೀಟು ಸಿಕ್ಕಿದ್ದು, ಮುಂಗಡವನ್ನೂ ಕೊಟ್ಟಿದ್ದೇವೆ. ಆದರೆ 2025ರ ಸೆಪ್ಟೆಂಬರಿನಲ್ಲಿ ಅಲ್ಲಿ ಸಂಸತ್ ಭವನಕ್ಕೆ ಬೆಂಕಿ ಬಿದ್ದ ವಿಡಿಯೊಗಳನ್ನು ತೋರಿಸಿ, ಆ ದೇಶಕ್ಕೆ ಹೋಗುವುದೇ ಬೇಡವೆಂದು ಮಗ ಹಟ ಹಿಡಿದಿದ್ದಾನೆ. ನನಗೆ ರಕ್ತದೊತ್ತಡಕ್ಕೆ ಮಾತ್ರೆ ನಡೆಯುತ್ತಿದೆ. ಹೋಗಬಹುದೇ, ಬಿಡಬೇಕೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಹೋಗಬಹುದು, ಆದರೆ ಆಷಾಢದಲ್ಲಿ ಬೇಡ. ನಿಮ್ಮ ಪತ್ರದಲ್ಲಿ ನನ್ನನ್ನು ಚಿಂತೆಗೆ ಹಚ್ಚಿದ ಮಾತು ಗಲಭೆಯದಲ್ಲ, ಆ ಕಡಿಮೆ ದರದ್ದು; ಮಳೆಗಾಲವಾದ್ದರಿಂದಲೇ ಅದು ಅಷ್ಟು ಅಗ್ಗ.

ಮೊದಲು ಮಗನ ಆತಂಕವನ್ನೇ ನೋಡೋಣ, ಏಕೆಂದರೆ ಅದು ಬುಡವಿಲ್ಲದ ಮಾತೇನೂ ಅಲ್ಲ. 2025ರ ಸೆಪ್ಟೆಂಬರ್ 8ರಂದು ಯುವಜನರ ಪ್ರತಿಭಟನೆಯಲ್ಲಿ ಒಂದೇ ದಿನ 19 ಮಂದಿ ಸತ್ತರು, ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು, ಕಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣ ಮುಚ್ಚಿತು, ನಮ್ಮ ರಾಜ್ಯದವರೂ ಸೇರಿದಂತೆ ಅನೇಕ ಭಾರತೀಯರು ಅಲ್ಲಿಯೇ ಸಿಕ್ಕಿಕೊಂಡರು. ಆದರೆ ಅದೇ ವಿಮಾನ ನಿಲ್ದಾಣ 10ರ ಸಂಜೆಯ ಹೊತ್ತಿಗೆ ತೆರೆಯಿತು, 12ರಂದು ಸುಶೀಲಾ ಕಾರ್ಕಿ ಅವರ ಮಧ್ಯಂತರ ಸರ್ಕಾರ ಪ್ರಮಾಣವಚನ ಸ್ವೀಕರಿಸಿತು. ಬೆಂಕಿಯ ವಿಡಿಯೊ ಮಾತ್ರ ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ವಿಮಾನ ನಿಲ್ದಾಣ ತೆರೆದ ವಿಡಿಯೊವನ್ನು ಯಾರೂ ಕಳುಹಿಸುವುದಿಲ್ಲ.

ಅಪಾಯವನ್ನು ದೇಶದ ಹೆಸರಿನಿಂದ ಅಳೆಯುವುದು ನಮ್ಮ ಮಲೆನಾಡಿನವರ ಪದ್ಧತಿಯೂ ಅಲ್ಲ. ಸಕಲೇಶಪುರ, ಆಲೂರು, ಮೂಡಿಗೆರೆಯ ಕಡೆ ಆನೆ ಬಂದಿದೆಯೆಂಬ ಸಂದೇಶ ಮೊಬೈಲಿಗೆ ಬಂದಾಗ, ತೋಟದವರು ಜಿಲ್ಲೆಯನ್ನೇ ಬಿಟ್ಟು ಹೋಗುವುದಿಲ್ಲ. ಯಾವ ತೋಟದಲ್ಲಿದೆ, ಹಿಂಡೋ ಒಂಟಿ ಸಲಗವೋ, ಎಷ್ಟು ಹೊತ್ತಿಗೆ ರಸ್ತೆ ದಾಟಿತು ಎಂದು ಕೇಳಿಕೊಂಡು, ಆಳುಗಳನ್ನು ಯಾವ ಬದಿಯ ಕೆಲಸಕ್ಕೆ ಕಳುಹಿಸಬೇಕೆಂದು ತೀರ್ಮಾನಿಸುತ್ತಾರೆ. ಹೊರದೇಶದ ಪ್ರಯಾಣಕ್ಕೂ ಕೇಳಬೇಕಾದ ಪ್ರಶ್ನೆಗಳು ಇವೇ: ಯಾವ ಊರು, ಯಾವ ತಿಂಗಳು, ಯಾವ ರಸ್ತೆ, ಯಾವ ಹೊತ್ತು, ಹೋಗುವವರ ಮೈ ಹೇಗಿದೆ.

ಈ ಪ್ರಶ್ನೆಗಳನ್ನು ನಿಮ್ಮ ಯಾತ್ರೆಗೆ ಹಚ್ಚಿದರೆ ಉತ್ತರ ಬೇರೆ ಕಡೆಗೇ ಬೆರಳು ತೋರಿಸುತ್ತದೆ. 2024ರ ಜುಲೈ 12ರ ಬೆಳಗಿನ ಜಾವ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು, ಅರವತ್ತಕ್ಕೂ ಹೆಚ್ಚು ಪ್ರಯಾಣಿಕರಿದ್ದ ಎರಡು ಬಸ್ಸುಗಳು ತ್ರಿಶೂಲಿ ನದಿಯ ಪಾಲಾದವು. ಮರುತಿಂಗಳು 23ರಂದು, ಪೋಖರಾದಿಂದ ಕಠ್ಮಂಡುವಿಗೆ ಹೊರಟಿದ್ದ ಮಹಾರಾಷ್ಟ್ರದ ಯಾತ್ರಿಗಳ ಬಸ್ಸು ತನಹೂಂ ಜಿಲ್ಲೆಯಲ್ಲಿ ಮರ್ಸ್ಯಾಂಗ್ದಿ ನದಿಗೆ ಉರುಳಿ 27 ಮಂದಿ ತೀರಿಕೊಂಡರು. 2018ರ ಜುಲೈಯಲ್ಲಿ ಮಾನಸ ಸರೋವರ ಯಾತ್ರೆಗೆ ಹೋಗಿದ್ದ ಸಾವಿರಕ್ಕೂ ಹೆಚ್ಚು ಭಾರತೀಯರು, ಅವರಲ್ಲಿ ಕರ್ನಾಟಕದವರೇ ಸುಮಾರು 290 ಮಂದಿ, ನೇಪಾಳದ ಸಿಮಿಕೋಟ್ ಮತ್ತು ಹಿಲ್ಸಾದಲ್ಲಿ ಸಿಕ್ಕಿಕೊಂಡದ್ದಕ್ಕೆ ಕಾರಣ ಮಳೆ ಮತ್ತು ಮೋಡವೇ ಹೊರತು ಯಾವ ಗಲಭೆಯೂ ಅಲ್ಲ. ತಿಂಗಳುಗಳನ್ನು ಗಮನಿಸಿ: ಎಲ್ಲವೂ ಮಳೆಗಾಲದವು.

ಮುಕ್ತಿನಾಥದಲ್ಲಿ ಮಳೆಯೇ ಇರುವುದಿಲ್ಲವೆಂದು ಯಾತ್ರೆಯ ವ್ಯವಸ್ಥಾಪಕರು ಹೇಳಬಹುದು. ಅದು ಬಹುಮಟ್ಟಿಗೆ ನಿಜ. ಮುಕ್ತಿನಾಥ ಮತ್ತು ಅದರ ಕೆಳಗಿನ ಊರಾದ ಜೋಮ್‌ಸೋಮ್ ಅನ್ನಪೂರ್ಣ, ಧವಳಗಿರಿ ಶಿಖರಗಳ ಹಿಂದಿನ ಮಳೆ ನೆರಳಿನಲ್ಲಿವೆ. ಆದರೆ ಪೋಖರಾದಿಂದ ಬೇನಿ ಎಂಬ ಊರಿನ ಮೂಲಕ ಕಾಳಿ ಗಂಡಕಿ ಕಣಿವೆಯನ್ನು ಹಿಡಿದು ಏರುವ ರಸ್ತೆ ಮಳೆ ಸುರಿಯುವ ಮಗ್ಗುಲಿನಲ್ಲಿದೆ. ಕಡೂರಿನಲ್ಲಿ ನೆಲ ಒಣಗಿ ಬಿರಿದಿದ್ದರೂ, ಧರ್ಮಸ್ಥಳದಿಂದ ಅಲ್ಲಿಗೆ ಬರುವವರು ಚಾರ್ಮಾಡಿಯ ಮಳೆಯನ್ನು ದಾಟಿಯೇ ಬರಬೇಕಲ್ಲವೇ? 2019ರ ಆಗಸ್ಟಿನಲ್ಲಿ ಆ ಘಾಟಿ ಹೇಗೆ ಕುಸಿಯಿತೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಪೋಖರಾದಿಂದ ಜೋಮ್‌ಸೋಮ್‌ಗೆ ಸಣ್ಣ ವಿಮಾನವಿದೆ. ಆದರೆ ಗಾಳಿಯ ಕಾರಣದಿಂದ ಅದು ಬೆಳಗಿನ ಹೊತ್ತು ಮಾತ್ರ ಹಾರುತ್ತದೆ, ಮೋಡ ಕವಿದರೆ ಅದೂ ಇಲ್ಲ. 2022ರ ಮೇ 29ರಂದು ಅದೇ ಮಾರ್ಗದ ವಿಮಾನ ಬೆಟ್ಟಕ್ಕೆ ಬಡಿದು 22 ಮಂದಿ ಸತ್ತರು. ಸುರಕ್ಷತೆಯ ಕಾರಣಕ್ಕೆ ಯುರೋಪಿನ ಒಕ್ಕೂಟ 2013ರಲ್ಲಿಯೇ ನೇಪಾಳದ ವಿಮಾನ ಸಂಸ್ಥೆಗಳನ್ನೆಲ್ಲ ನಿಷೇಧಿಸಿತು. ನಾನಾದರೆ ಒಣಗಾಲದಲ್ಲಿ, ಹಗಲು ಹೊತ್ತಿನಲ್ಲಿ, ಜೀಪಿನಲ್ಲಿ ಹೋಗುತ್ತೇನೆ.

ಇನ್ನು ನಿಮ್ಮ ಮೈಯ ವಿಷಯ. ಮುಳ್ಳಯ್ಯನಗಿರಿ 1,930 ಮೀಟರ್. ಮುಕ್ತಿನಾಥ ಸುಮಾರು 3,700. ಅಂದರೆ ಒಂದು ಮುಳ್ಳಯ್ಯನಗಿರಿಯ ತಲೆಯ ಮೇಲೆ ಹೆಚ್ಚೂಕಡಿಮೆ ಇನ್ನೊಂದನ್ನು ಇಟ್ಟಷ್ಟು ಎತ್ತರ. ಸುಮಾರು 800 ಮೀಟರಿನ ಪೋಖರಾದಿಂದ ಒಂದೇ ದಿನದಲ್ಲಿ ಅಷ್ಟು ಮೇಲೇರಿಸುವ ಕಾರ್ಯಕ್ರಮವಿದ್ದರೆ ಒಪ್ಪಬೇಡಿ, ಜೋಮ್‌ಸೋಮ್‌ನಲ್ಲಿ ಎತ್ತರದ ತೆಳು ಗಾಳಿಗೆ ಮೈ ಒಗ್ಗಲು ಒಂದು ರಾತ್ರಿಯಾದರೂ ತಂಗಬೇಕು. ಕೆಲವು ವರ್ಷಗಳ ಹಿಂದೆ ನಾನು ಕರೆದೊಯ್ದ ತಂಡದಲ್ಲಿ ಬೇಲೂರು ಕಡೆಯ ಹಿರಿಯರೊಬ್ಬರು, ಉಳಿದವರ ದರ್ಶನ ತಪ್ಪೀತೆಂದು ತಲೆನೋವನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು. ಬೆಳಿಗ್ಗೆ ಸ್ವೆಟರಿನ ಗುಂಡಿ ಹಾಕಿಕೊಳ್ಳಲು ಹೋಗಿ ಒಂದೇ ಗುಂಡಿಯನ್ನು ನಾಲ್ಕು ಬಾರಿ ತಪ್ಪು ತೂತಿಗೆ ತುರುಕುತ್ತಿದ್ದುದನ್ನು ಅವರ ಪತ್ನಿ ನೋಡಿ ನನ್ನನ್ನು ಕರೆದರು. ಆ ಕ್ಷಣವೇ ಜೀಪು ಹತ್ತಿಸಿ ಕೆಳಗೆ ತಾತೋಪಾನಿಗೆ ಇಳಿಸಿದೆವು. ಸಂಜೆಯ ಹೊತ್ತಿಗೆ ಅವರು ಚಹಾ ಕೇಳಿ ಕುಡಿದರು. ತಲೆನೋವು, ವಾಕರಿಕೆ, ಕುಳಿತಲ್ಲೇ ಏದುಸಿರು, ನಡಿಗೆಯಲ್ಲಿ ತೂರಾಟ, ಇವುಗಳಲ್ಲಿ ಯಾವುದು ಕಂಡರೂ ಮೇಲೇರುವುದನ್ನು ನಿಲ್ಲಿಸಬೇಕು; ಕಡಿಮೆಯಾಗದಿದ್ದರೆ, ಇಲ್ಲವೇ ಕೊನೆಯ ಎರಡರಲ್ಲಿ ಒಂದು ಕಂಡರೂ ಸಾಕು, ಇಳಿದುಬಿಡಬೇಕು. ದೇವಸ್ಥಾನದ 108 ಧಾರೆಗಳ ಮಂಜಿನಂಥ ನೀರಿಗೆ ತಲೆಯೊಡ್ಡುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ. ರಕ್ತದೊತ್ತಡದವರಿಗೆ ಪ್ರೋಕ್ಷಣೆ ಸಾಕೆಂಬುದು ನನ್ನ ಅಭಿಪ್ರಾಯ. ಎತ್ತರಕ್ಕೆಂದು ಪರಿಚಿತರು ಹೇಳುವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ನುಂಗಬೇಡಿ.

ಹೀಗಾಗಿ ದಿನಾಂಕವನ್ನು ಯುಗಾದಿ ಕಳೆದ ಮೇಲಿನ ಏಪ್ರಿಲ್‌ಗೆ ಬದಲಾಯಿಸಿಕೊಳ್ಳಿ. ದೀಪಾವಳಿಯ ಸಮಯವೂ ಹವೆಗೆ ಒಳ್ಳೆಯದೇ, ಆದರೆ ಆಗ ನಿಮಗೆ ಕಾಫಿ ಹಣ್ಣಿನ ಕೊಯ್ಲು ಎದುರಾಗುತ್ತದೆ. ವ್ಯವಸ್ಥಾಪಕರು ಒಪ್ಪದಿದ್ದರೆ ಮುಂಗಡ ಹೋದರೂ ಹೋಗಲಿ.

ಗಲಭೆಯ ಸಾಧ್ಯತೆಗೂ ಸ್ವಲ್ಪ ಸಿದ್ಧತೆ ಇರಲಿ. ಹೊರಡುವ ಹಿಂದಿನ ವಾರ ನಮ್ಮ ವಿದೇಶಾಂಗ ಸಚಿವಾಲಯ ಮತ್ತು ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯ ಪ್ರಕಟಣೆಗಳನ್ನು ಮಗನೇ ಓದಲಿ. ಹೋಗಬೇಡಿರೆಂದು ಅಲ್ಲಿ ಹೇಳಿದ್ದರೆ ಮಾತಿಲ್ಲದೆ ನಿಲ್ಲಿಸಿ, ವಿಡಿಯೊ ನೋಡಿ ನಿಲ್ಲಿಸಬೇಡಿ. ಕಠ್ಮಂಡುವಿನಲ್ಲಿ ಎರಡು ದಿನ ಬಿಡುವು ಇಟ್ಟುಕೊಳ್ಳಿ, ಮಾತ್ರೆಗಳನ್ನು ಒಂದು ವಾರಕ್ಕೆ ಹೆಚ್ಚಾಗಿ ಒಯ್ಯಿರಿ, ರಕ್ತದೊತ್ತಡವನ್ನು ಮುಚ್ಚಿಡದೆ ಬರೆಸಿ ವಿಮೆ ಮಾಡಿಸಿ, ಎತ್ತರದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ.

ಕೊನೆಗೊಂದು ಸಣ್ಣ ಸಂಗತಿ. ನೇಪಾಳಕ್ಕೆ ಹೋಗುವ ಭಾರತೀಯರಿಗೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ಸಾಕೆಂಬ ವಿನಾಯಿತಿ ಇರುವುದು 65 ದಾಟಿದವರಿಗೆ ಮತ್ತು 15 ತುಂಬದ ಮಕ್ಕಳಿಗೆ. ನಿಮ್ಮ ಪತ್ನಿಗೆ 61, ಆಧಾರ್ ಸಾಲದು. ಅವರ ಮತದಾರರ ಚೀಟಿಯಲ್ಲಿ ಹೆಸರು ತವರಿನ ಇನಿಷಿಯಲ್‌ನಲ್ಲಿದೆಯೋ, ಟಿಕೆಟ್ಟಿನಲ್ಲಿರುವಂತೆಯೇ ಇದೆಯೋ ಎಂದು ಈಗಲೇ ತೆಗೆದು ನೋಡಿ, ಬೇರೆಯಿದ್ದರೆ ತಿದ್ದಿಸಿಕೊಳ್ಳಲು ಏಪ್ರಿಲ್‌ವರೆಗೆ ಸಮಯವಿದೆ.